ಉಜ್ಬೆಕ್ ಅಡ್ಡಹೆಸರನ್ನು ನಾನು ಬಿಡಿಸುವ ಬಗೆ

ಉಜ್ಬೆಕ್ ಅಡ್ಡಹೆಸರು ಕೈಗೆ ಬಂದರೆ ಮೊದಲು ಅದರ ಬಾಲ ಕಳಚುತ್ತೇನೆ. ಮೂಲ ಹೆಸರು ವ್ಯಂಜನದಲ್ಲಿ ಮುಗಿದರೆ ಸಾಮಾನ್ಯವಾಗಿ ಓವ್, ಸ್ವರದಲ್ಲಿ ಮುಗಿದರೆ ಯೆವ್. ಹೆಂಗಸರಿಗೆ ಓವಾ, ಯೆವಾ. ಇವು ರಷ್ಯನ್ ಆಳ್ವಿಕೆಯಲ್ಲಿ ಅಂಟಿ, ಸೋವಿಯತ್ ದಾಖಲೆಗಳಲ್ಲಿ ಕಾಯಂ ಆದ ಬಾಲಗಳು. ಅಧ್ಯಕ್ಷ ಶವ್ಕತ್ ಮಿರ್ಜಿಯೋಯೆವ್ ಹೆಸರಿನಲ್ಲಿ ಯೆವ್ ತೆಗೆದರೆ ಮಿರ್ಜಿಯೋ ಉಳಿಯುತ್ತದೆ. ಮಿರ್ ಎಂದರೆ ಅಮೀರ, ಜಿಯೋ ಎಂದರೆ ಬೆಳಕು.

ಹೀಗೆ ಉಳಿಯುವುದು ಹೆಚ್ಚಾಗಿ ಯಾರೋ ಅಪ್ಪನ ಅಥವಾ ಅಜ್ಜನ ಸ್ವಂತ ಹೆಸರು. ನಮ್ಮ ಪಾಟೀಲ, ಕುಲಕರ್ಣಿಗಳಂತೆ ಅದರಲ್ಲಿ ಮನೆತನದ ಹುದ್ದೆ ಹುಡುಕಬಾರದು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಅಡ್ಡಹೆಸರಾಗಿ ಬರೆಸುವ ರೂಢಿ ಇರುವುದರಿಂದ ಅಪ್ಪ ಮಗನ ಅಡ್ಡಹೆಸರು ಬೇರೆ ಬೇರೆ ಇರುವುದೂ ಉಂಟು.

ಹೆಚ್ಚು ತಪ್ಪಾಗುವುದು ಕಾಗುಣಿತದಲ್ಲಿ. ಗಂಟಲಾಳದ 'ಕ'ಕ್ಕೂ ಉಜ್ಬೆಕ್ 'ಹ'ಕ್ಕೂ ರಷ್ಯನ್‌ನಲ್ಲಿ ಪ್ರತ್ಯೇಕ ಅಕ್ಷರವಿಲ್ಲ. ಅಲ್ಲಿ ಉಜ್ಬೆಕ್ 'ಓ' ಒಮ್ಮೆ 'ಉ', ಒಮ್ಮೆ 'ಆ' ಆಗುತ್ತದೆ. ಯುಲ್ದಾಶೆವ್ ಎಂಬುದನ್ನೇ ನೋಡಿ. 'ಯುಲ್' ಎಂದು ನಿಘಂಟು ತೆರೆದರೆ ಏನೂ ಹೊಂದುವುದಿಲ್ಲ. ಎರಡೂ ಸ್ವರಗಳನ್ನು ಮೊದಲಿನ ಜಾಗಕ್ಕೆ ತಂದರೆ ಯೋಲ್ದೋಶ್. ಯೋಲ್ ಅಂದರೆ ದಾರಿ, ದೋಶ್ ಅಂದರೆ ಜೊತೆಯವ. ಒಟ್ಟಿಗೆ ದಾರಿಯ ಜೊತೆಗಾರ. ಇಂಥ ಕಡೆ ನಾನು ಉಜ್ಬೆಕ್ ರೂಪ ಸಿಗುವವರೆಗೆ ಅರ್ಥ ಬರೆಯುವುದೇ ಇಲ್ಲ.

ಆಮೇಲೆ ತುಂಡುಗಳು. ನಾವು ಪ್ರೀತಿಯಿಂದ 'ಜಾನ್' ಅನ್ನುವುದು ಅಲ್ಲಿ ಜೋನ್. 2004ರ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ವಿಶ್ವ ಚಾಂಪಿಯನ್, ಮುಂದೆ ನಮ್ಮ ವಿಶ್ವನಾಥನ್ ಆನಂದ್ ಅವರಿಗೆ ನೆರವಾದ ರುಸ್ತಮ್ ಕೋಸಿಮ್ಜೋನೋವ್ ಅವರದು ಕೋಸಿಮ್, ಜೋನ್, ಓವ್. ಆದರೆ ಇನ್ನೊಬ್ಬ ಚೆಸ್ ಆಟಗಾರ ನೋದಿರ್ಬೆಕ್ ಅಬ್ದುಸತ್ತೋರೋವ್ ಹೆಸರಿನ 'ಅಬ್ದು'ವನ್ನು ಬಿಡಿ ಹೆಸರೆಂದು ಕತ್ತರಿಸಬಾರದು. ಅಬ್ದುಸತ್ತೋರ್ ಇಡಿಯಾಗಿ 'ಸತ್ತಾರನ ದಾಸ'; ಸತ್ತಾರ್ ಎಂದರೆ ತಪ್ಪು ಮುಚ್ಚುವ ದೇವರು.

ನನಗೆ ಅತ್ಯಂತ ಹತ್ತಿರವೆನಿಸುವುದು ತುರ್ಸುನೋವ್, ತೋಖ್ತಾಸಿನೋವ್, ಓಲ್ಮಸೋವ್. ತುರ್ಸುನ್ ಎಂದರೆ 'ಇರಲಿ', ತೋಖ್ತಾಸಿನ್ ಎಂದರೆ 'ನಿಲ್ಲಲಿ', ಓಲ್ಮಸ್ ಎಂದರೆ 'ಸಾಯದವನು'. ಹುಟ್ಟಿದ ಕೂಸು ಕೈಯಲ್ಲಿ ಉಳಿಯದ ಮನೆಯವರು ಇಟ್ಟ ಹೆಸರುಗಳಿವು. ನಮ್ಮ ಹಳ್ಳಿಗಳಲ್ಲಿ ತಿಪ್ಪ, ಗುಂಡ ಎಂದು ಕರೆದು ಮಗುವನ್ನು ಸಾವಿನ ಕಣ್ಣಿನಿಂದ ಮರೆಮಾಡಿದವರ ಸಂಕಟ ಇಲ್ಲೂ ಅದೇ. ಬೋಲ್ತಯೆವ್‌ನ 'ಬೋಲ್ತ' ಕೊಡಲಿ. ಹಾಗೆಂದು ಅಜ್ಜ ಬಡಗಿಯೆಂದು ತೀರ್ಮಾನಿಸಬೇಡಿ, ಅದೂ ಮಗು ಗಟ್ಟಿಯಾಗಲೆಂದು ಇಡುತ್ತಿದ್ದ ಹೆಸರು. ಖೋಲ್ಮತೋವ್‌ನ 'ಖೋಲ್' ಮೈಮೇಲಿನ ಮಚ್ಚೆ, 'ಮತ್' ಮುಹಮ್ಮದ್‌ನ ಮೊಟಕು ರೂಪ.

ಓಗ್ಲಿ, ಕಿಜಿ ಕಂಡರೆ ಅವು ಅಡ್ಡಹೆಸರಿನ ಭಾಗವಲ್ಲ: ಇಂಥವರ ಮಗ, ಇಂಥವರ ಮಗಳು ಅಂತ. ಅರ್ಜಿಯಲ್ಲಿ ಅವನ್ನು ತಂದೆಯ ಹೆಸರಿನ ಜೊತೆಗೇ ಬರೆಯಬೇಕು.