ಕುಂಬಳದ ಹೀಚು ಉದುರುತ್ತಿದೆಯಾ? ಮೊದಲು ಹೂವಿನೊಳಗೆ ನೋಡಿ

ರಾಯಚೂರು ಕಡೆ ಹಿತ್ತಲಲ್ಲಿ, ತಾರಸಿ ಮೇಲೆ ಬಳ್ಳಿ ಹಬ್ಬಿಸಿರುವವರಿಗೆ ಒಂದು ಮಾತು. ಹೀಚು ಹಳದಿಯಾಗಿ ಉದುರಿದರೆ ಸುಮ್ನೆ ಗೊಬ್ಬರ ಸುರಿಯಬೇಡಿ. ಎಷ್ಟೋ ಸಲ ಪರಾಗ ಸರಿಯಾಗಿ ಸೇರಿರುವುದಿಲ್ಲ, ಅಷ್ಟೇ.

ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣು ಹೂವು. ಅದರ ನಡುವೆ ದಪ್ಪಗೆ, ಮಡಿಕೆ ಮಡಿಕೆಯಾಗಿ ಒಂದು ಭಾಗ ಕಾಣುತ್ತದೆ ಅಲ್ವಾ, ಅದೇ ಶಲಾಕಾಗ್ರ. ಮುಟ್ಟಿದರೆ ಸ್ವಲ್ಪ ಅಂಟಂಟು. ಪರಾಗ ಬಂದು ಕೂರಬೇಕಾದ್ದು ಅಲ್ಲೇ. ಕೂತ ಕಣ ಮೊಳೆತು, ಸಣ್ಣ ನಳಿಕೆ ಬಿಟ್ಟು, ಕೆಳಗಿನ ಕಾಯಿಯೊಳಗಿರುವ ಅಂಡಕಗಳ, ಅಂದರೆ ಮುಂದೆ ಬೀಜವಾಗುವ ಪುಟ್ಟ ಭಾಗಗಳ, ತನಕ ಇಳಿಯುತ್ತದೆ, ಆಮೇಲೇ ಬೀಜ ಕಟ್ಟುವುದು, ಕಾಯಿ ದಪ್ಪವಾಗುವುದು. ಪರಾಗ ಸಾಲದಿದ್ದರೆ ಕಾಯಿ ಉದುರುತ್ತದೆ, ಇಲ್ಲವೇ ಸೊಟ್ಟಗೆ ಬೆಳೆಯುತ್ತದೆ.

ಜೇನು ಕಡಿಮೆ ಬರುತ್ತಿದ್ದರೆ ನೀವೇ ಮಾಡಿ. ಅದೇ ದಿನ ಅರಳಿದ ಗಂಡು ಹೂವು ಕಿತ್ತು, ಎಸಳು ತೆಗೆದು, ಹಳದಿ ಪುಡಿ ಇರುವ ಕಡ್ಡಿಯನ್ನು ಎಲ್ಲ ಮಡಿಕೆಗಳಿಗೂ ಮೆಲ್ಲಗೆ ಸವರಿ. ಒಂದೇ ಬದಿಗೆ ಬೇಡ. ಬೆಳಗ್ಗೆ 6ರಿಂದ 8ರೊಳಗೆ ಮುಗಿಸಿ, ನಮ್ಮ ಬಿಸಿಲಿಗೆ ತಡವಾದರೆ ಪರಾಗ ಸತ್ವ ಕಳೆದುಕೊಳ್ಳುತ್ತದೆ, ಹೂವೂ ಮುಚ್ಚಿಕೊಳ್ಳುತ್ತದೆ. ಹೀರೆ, ಸೋರೆ ಅರಳುವುದೇ ಸಂಜೆ ಹೊತ್ತಿಗೆ, ಅವಕ್ಕೆ ಆಗಲೇ ಮಾಡಿ.

ಅರಳಿದ ಹೂವಿಗೆ ನೀರು ಚಿಮುಕಿಸಬೇಡಿ, ಪರಾಗ ನೆನೆದು ಒಡೆಯುತ್ತದೆ. ಆ ಹೊತ್ತಲ್ಲಿ ಔಷಧಿ ಹೊಡೆಯುವುದಂತೂ ಬೇಡವೇ ಬೇಡ, ಇರುವ ನಾಲ್ಕು ಜೇನೂ ಸಾಯುತ್ತವೆ.