ಯುರೋಪಿನ ಬ್ಯಾಸ್ಕೆಟ್‌ಬಾಲ್ ಆಟಗಾರನ ಲೆಕ್ಕ ಬರೆದಿಡುವುದು ಹೇಗೆ?

ನನ್ನ ಹತ್ತಿರ ಒಂದು ಗೆರೆ ಹಾಕಿದ ನೋಟ್‌ಬುಕ್ ಇದೆ. ಒಬ್ಬೊಬ್ಬ ಆಟಗಾರನಿಗೆ ಎರಡೆರಡು ಪುಟ. ಅದರಲ್ಲಿ ಅಳಿಸಿ ಅಳಿಸಿ ಕಾಗದವೇ ತೆಳ್ಳಗಾಗಿರುವುದು ಫ್ರಾನ್ಸಿನ ನಾಂಡೊ ದೆ ಕೊಲೊನ ಪುಟ. ಅಮೆರಿಕದ ಲೀಗ್ ಎನ್‌ಬಿಎ ಆಟಗಾರನ ಅಂಕಿಅಂಶದ ಲೆಕ್ಕ ಸುಲಭ, ಲೀಗ್ ಒಂದೇ. ಯುರೋಪಿನಲ್ಲಿ ಹಾಗಲ್ಲ. ಹೇಗೆ ಬರೆಯಬೇಕು ಅನ್ನುವುದನ್ನು ಇವನ ಪುಟ ಇಟ್ಟುಕೊಂಡೇ ಹೇಳುತ್ತೇನೆ.

ಮೊದಲು ಎಡಗಡೆ ಸೀಸನ್ ಬರೆಯಿರಿ, ಬರೀ 2016 ಅಂತಲ್ಲ, 2015-16 ಅಂತ. ಪಕ್ಕದಲ್ಲಿ ಕ್ಲಬ್. ಆಮೇಲೆ ಎರಡು ಕಾಲಂ: ಒಂದು ಆ ದೇಶದ ಲೀಗಿಗೆ, ಇನ್ನೊಂದು ಬೇರೆ ಬೇರೆ ದೇಶದ ಕ್ಲಬ್ಬುಗಳು ಎದುರಾಗುವ ಯುರೋಲೀಗ್ ಅಥವಾ ಅದರ ಕೆಳಗಿನ ಹಂತದ ಯುರೋಕಪ್‌ಗೆ. ಎರಡೂ ಒಂದೇ ವಾರದಲ್ಲಿ ನಡೆಯುತ್ತಿರುತ್ತವೆ. ನಾನು ಮೊದಮೊದಲು ಎರಡನ್ನೂ ಕೂಡಿಸಿ ಒಂದೇ ಸರಾಸರಿ ತೆಗೆದಿದ್ದೆ. ಅಂಕಿ ಬಂತು, ಅರ್ಥ ಬರಲಿಲ್ಲ. ದೇಶದ ಲೀಗಿನಲ್ಲಿ ದುರ್ಬಲ ತಂಡ ಎದುರಿದ್ದ ದಿನ ಕೋಚ್ ದೊಡ್ಡ ಆಟಗಾರನನ್ನು ಬೆಂಚಲ್ಲಿ ಕೂರಿಸಿಬಿಡುತ್ತಾನೆ. ಯುರೋಲೀಗಿನಲ್ಲಿ ಆ ಸುಖ ಇಲ್ಲ. ಎರಡನ್ನೂ ಬೆರೆಸಬೇಡಿ.

ಇನ್ನು ಸಾಲುಗಳು. ದೆ ಕೊಲೊ ಶುರು ಮಾಡಿದ್ದು ಶೋಲೆ ಕ್ಲಬ್ಬಿನಲ್ಲಿ. ಸಣ್ಣ ಊರು, ಆದರೆ ರೂಡಿ ಗೊಬೇರ್ ಕೂಡ ಬೆಳೆದದ್ದು ಅಲ್ಲೇ. 2009ರಲ್ಲಿ ಸ್ಪೇನಿನ ವಲೆನ್ಸಿಯಾಗೆ ಹೋದ. ಮೊದಲ ಸೀಸನ್ನಿನಲ್ಲೇ ಯುರೋಕಪ್ ಗೆದ್ದ. ಅದೇ 2009ರಲ್ಲಿ ಎನ್‌ಬಿಎ ತಂಡ ಸ್ಯಾನ್ ಆಂಟೋನಿಯೊ ಸ್ಪರ್ಸ್ ಅವನನ್ನು ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆಯಲ್ಲಿ, 53ನೆಯವನಾಗಿ ಆರಿಸಿತ್ತು, ಆದರೆ ಅವನು ಅಮೆರಿಕಕ್ಕೆ ಹೋದದ್ದು 2012ರಲ್ಲಿ. ಹೀಗಾಗಿ ಡ್ರಾಫ್ಟನ್ನು ಸಾಲಾಗಿ ಬರೆಯಬೇಡಿ, ಅಂಚಿನಲ್ಲಿ ಗುರುತು ಮಾಡಿ ಸಾಕು. ನಾನು ಸಾಲಾಗಿ ಬರೆದು ಮೂರು ವರ್ಷ ಅವನು ಎರಡು ಕಡೆ ಆಡಿದ ಹಾಗೆ ಮಾಡಿಟ್ಟಿದ್ದೆ!

ನಡುವೆ ಕ್ಲಬ್ ಬದಲಾದರೆ ಸೀಸನ್ನಿಗೆ ಎರಡು ಸಾಲು. 2013-14ರಲ್ಲಿ ಫೆಬ್ರವರಿವರೆಗೆ ಸ್ಪರ್ಸ್, ಆಮೇಲೆ ಟೊರಾಂಟೊ. 2013ರ ಎನ್‌ಬಿಎ ಫೈನಲ್ ಸೋತಾಗ ಇವನು ಸ್ಪರ್ಸ್ ತಂಡದಲ್ಲಿದ್ದ, 2014ರಲ್ಲಿ ಗೆದ್ದಾಗ ಇರಲಿಲ್ಲ. ಕೆಲವರ ಹಣೆಬರಹವೇ ಹಾಗೆ, ಅಲ್ವಾ?

ಆದರೆ ಆ ಬೇಸಿಗೆಯಲ್ಲೇ ಸಿಎಸ್‌ಕೆಎ ಮಾಸ್ಕೋ ಸೇರಿದ. ಈ ಪುಟದ ಜೀವ ಇರುವುದು ಅಲ್ಲಿ. 2015-16ರಲ್ಲಿ ಯುರೋಲೀಗ್ ಪ್ರಶಸ್ತಿ, ಸೀಸನ್ನಿನ ಎಂವಿಪಿ (ಅತ್ಯುತ್ತಮ ಆಟಗಾರ), ಕೊನೆಯ ನಾಲ್ಕು ತಂಡಗಳ ಸುತ್ತಾದ ಫೈನಲ್ ಫೋರ್‌ನ ಎಂವಿಪಿ, ಜೊತೆಗೆ ಅತಿ ಹೆಚ್ಚು ಅಂಕ ಗಳಿಸಿದವನ ಟ್ರೋಫಿ. ಇಂಥ ಸೀಸನ್ ಬಂದಾಗ ಅಂಕಿಯ ಜೊತೆ ಒಂದು ಟಿಪ್ಪಣಿಯನ್ನೂ ಬರೆಯಿರಿ. ಬರ್ಲಿನ್ನಿನ ಆ ಫೈನಲ್ ಎದುರಿಗೆ ನಾನು "ಹೆ.ಸ." ಅಂತ ಬರೆದಿದ್ದೇನೆ, ಅಂದರೆ ಹೆಚ್ಚುವರಿ ಸಮಯ. ಟರ್ಕಿಯ ಫೆನರ್‌ಬಾಚೆ ಮೇಲೆ 101-96. ಯುರೋಪಿನ ಪಂದ್ಯ 40 ನಿಮಿಷದ್ದು, ಎನ್‌ಬಿಎಯದ್ದು 48. ಹೆಚ್ಚುವರಿ 5 ನಿಮಿಷ ಮರೆತರೆ ಆ 101 ಸುಮ್ನೆ ಮೋಸ ಮಾಡುತ್ತದೆ. ಇದೇ ಕಾರಣಕ್ಕೆ ಯುರೋಲೀಗಿನ ಸರಾಸರಿಯನ್ನು ಎನ್‌ಬಿಎ ಸರಾಸರಿ ಪಕ್ಕ ಇಟ್ಟು "ಇಷ್ಟೇನಾ" ಅನ್ನಬೇಡಿ.

ಈಗ ಪಿಐಆರ್ (ಪರ್ಫಾರ್ಮೆನ್ಸ್ ಇಂಡೆಕ್ಸ್ ರೇಟಿಂಗ್). ಯುರೋಲೀಗ್ ಆಟಗಾರನನ್ನು ಅಳೆಯುವ ಅಂಕಿ ಇದು. ಅಂಕ, ರಿಬೌಂಡ್ (ತಪ್ಪಿದ ಶಾಟಿನ ಚೆಂಡು ಹಿಡಿದದ್ದು), ಅಸಿಸ್ಟ್ (ಅಂಕ ತಂದ ಪಾಸ್), ಸ್ಟೀಲ್ (ಚೆಂಡು ಕಸಿದದ್ದು), ಬ್ಲಾಕ್ (ಶಾಟ್ ತಡೆದದ್ದು), ಗಿಟ್ಟಿಸಿದ ಫೌಲ್ ಎಲ್ಲ ಕೂಡಿಸಿ. ತಪ್ಪಿದ ಶಾಟ್, ತಪ್ಪಿದ ಫ್ರೀ ಥ್ರೋ, ಟರ್ನೋವರ್ (ಎದುರಾಳಿಗೆ ಚೆಂಡು ಕಳೆದುಕೊಂಡದ್ದು), ತಿಂದ ಬ್ಲಾಕ್, ಮಾಡಿದ ಫೌಲ್ ಕಳೆಯಿರಿ. ಒಬ್ಬ 20 ಅಂಕ, 4 ರಿಬೌಂಡ್, 5 ಅಸಿಸ್ಟ್, 1 ಸ್ಟೀಲ್, 6 ಫೌಲ್ ಗಿಟ್ಟಿಸಿದ ಅಂತಿಟ್ಟುಕೊಳ್ಳಿ: 36. ತಪ್ಪಿದ ಶಾಟ್ 6, ಟರ್ನೋವರ್ 3, ಮಾಡಿದ ಫೌಲ್ 3: 12. ಪಿಐಆರ್ 24. ಫೌಲ್ ಗಿಟ್ಟಿಸಿದ್ದಕ್ಕೂ ಪಿಐಆರ್‌ನಲ್ಲಿ ಅಂಕ ಸಿಗುತ್ತದೆ ನೋಡಿ. ದೆ ಕೊಲೊ ಡಿಫೆಂಡರ್ ಮೈಗೆ ಒರಗಿಕೊಂಡೇ ನುಗ್ಗುತ್ತಾನೆ, ಫೌಲ್ ಸಿಗುತ್ತದೆ, ಫ್ರೀ ಥ್ರೋ ಲೈನಿಗೆ ಹೋಗುತ್ತಾನೆ, ಅಲ್ಲಿ ತಪ್ಪುವುದೇ ಅಪರೂಪ. ಅವನ ಪಿಐಆರ್ ಏರುವುದು ಅಲ್ಲೇ. ಡಂಕ್ ಹುಡುಕುತ್ತ ಕೂತರೆ ಇವನ ಆಟ ಕಣ್ಣಿಗೇ ಬೀಳುವುದಿಲ್ಲ.

ಖಾಲಿ ಬಿಡಬೇಕಾದ ಮನೆಗಳೂ ಇವೆ. 2019ರಲ್ಲಿ ವಿಟೋರಿಯಾದಲ್ಲಿ ಸಿಎಸ್‌ಕೆಎ ಜೊತೆ ಎರಡನೇ ಯುರೋಲೀಗ್ ಗೆದ್ದು ಫೆನರ್‌ಬಾಚೆಗೆ ಬಂದ. ಆ 2019-20 ಕೋವಿಡ್‌ನಿಂದ ಅರ್ಧಕ್ಕೇ ನಿಂತಿತು, ಚಾಂಪಿಯನ್ನೇ ಇಲ್ಲ. ಪ್ರಶಸ್ತಿ ಮನೆಯಲ್ಲಿ ಒಂದು ಅಡ್ಡಗೆರೆ ಎಳೆಯಿರಿ, ಸೋತ ಅಂತ ಬರೆಯಬೇಡಿ.

ರಾಷ್ಟ್ರೀಯ ತಂಡಕ್ಕೆ ಬಲಗಡೆ ಪುಟ ಪೂರ್ತಿ. 2013ರ ಯುರೋಬಾಸ್ಕೆಟ್ (ಯುರೋಪಿನ ದೇಶಗಳ ಚಾಂಪಿಯನ್‌ಶಿಪ್) ಚಿನ್ನ, ಟೋಕಿಯೊ ಬೆಳ್ಳಿ, ಪ್ಯಾರಿಸ್ ಬೆಳ್ಳಿ. ಟೋಕಿಯೊ ಒಲಿಂಪಿಕ್ಸ್ ನಡೆದದ್ದು 2021ರಲ್ಲಿ, ಹೆಸರು ಮಾತ್ರ 2020. ಎರಡನ್ನೂ ಬರೆದಿಡಿ.

ಕೊನೆಯ ಮಾತು: ಪೆನ್ಸಿಲ್ ಬಳಸಿ. 2022ರಲ್ಲಿ ದೆ ಕೊಲೊ ಫ್ರಾನ್ಸಿಗೆ ವಾಪಸ್ ಬಂದು ಅಸ್ವೆಲ್ ಕ್ಲಬ್ ಸೇರಿದಾಗ, ಇನ್ನೇನು ಮುಗಿಯಿತು ಅಂತ ಅವನ ಪುಟದ ಕೆಳಗೆ ಪೆನ್ನಿನಲ್ಲೇ ಜೋಡಿ ಗೆರೆ ಎಳೆದುಬಿಟ್ಟಿದ್ದೆ. 2025ರ ಜನವರಿಯಲ್ಲಿ ಮತ್ತೆ ಫೆನರ್‌ಬಾಚೆಗೆ ಹೋದ. ಮೇ ತಿಂಗಳಲ್ಲಿ ಅಬುಧಾಬಿಯಲ್ಲಿ ಮೊನಾಕೊ ಮೇಲೆ 81-70, ಮೂರನೇ ಯುರೋಲೀಗ್, ವಯಸ್ಸು 37. ಆ ಸಾಲು ಬರೆಯಲು ಜಾಗ ಬೇಕಲ್ಲ, ಗೆರೆಯ ಮೇಲೆ ವೈಟ್ನರ್ ಬಳಿದೆ. ಅದು ಒಣಗುವ ಮೊದಲೇ ಬರೆದದ್ದರಿಂದ 37 ಈಗ 87ರ ಹಾಗೆ ಕಾಣುತ್ತದೆ.