ಡೈವಿಂಗ್ ಮೀಟ್ ನಡೆಸುವುದು ಹೇಗೆ? ನೀರಿಗಿಂತ ಮೊದಲು ಮೇಜು ನೋಡಿ

ಊರ ಬಾವಿಯಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು ನಾವು. ಬಾವಿಕಟ್ಟೆಯಿಂದ ‘ಡೈ ಹೊಡೆದು’ ಹೊಟ್ಟೆ ಕೆಂಪಗೆ ಮಾಡಿಕೊಂಡದ್ದೇ ನಮ್ಮ ಸಾಧನೆ. ಈಗ ನಮ್ಮ ಮಕ್ಕಳು ವರ್ಜೀನಿಯಾ, ಮೇರಿಲ್ಯಾಂಡಿನ ಬಡಾವಣೆ ಪೂಲ್‌ಗಳಲ್ಲಿ ಒಂದು ಮೀಟರ್ ಎತ್ತರದ ಬೋರ್ಡಿನ ತುದಿಯಲ್ಲಿ ನೀರಿಗೆ ಬೆನ್ನು ತಿರುಗಿಸಿ ನಿಂತು ಲಾಗ ಹಾಕುತ್ತಾರೆ. ಶಾಲೆಗೆ ಬೇಸಿಗೆ ರಜೆ ಸಿಕ್ಕ ಕೂಡಲೇ ಲೀಗ್ ಶುರು, ಜುಲೈ ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ಅದೂ ಮುಗಿದಿರುತ್ತದೆ. ಉತ್ತರ ವರ್ಜೀನಿಯಾದ ಈಜು ಲೀಗ್ ಹುಟ್ಟಿದ್ದು 1956ರಲ್ಲಿ. ಇಂಥ ಲೀಗ್‌ಗಳ ಮೀಟ್, ಅಂದರೆ ಎರಡು ತಂಡಗಳ ಸ್ಪರ್ಧೆ, ನಡೆಸುವವರು ಅಪ್ಪ ಅಮ್ಮಂದಿರೇ. ಅಂದರೆ ಇವತ್ತಲ್ಲ ನಾಳೆ ಆ ಕೆಲಸ ನಿಮ್ಮ ತಲೆಗೂ ಬರುತ್ತದೆ.

ನಾನು ಕೆಲವು ವರ್ಷ ಅಂಕದ ಮೇಜಿನ ಹಿಂದೆ ಕೂತವನು. ಬೋರ್ಡ್ ಮುರಿದು ಮೀಟ್ ಕೆಟ್ಟದ್ದನ್ನು ಒಮ್ಮೆಯೂ ನೋಡಿಲ್ಲ. ಕಾಗದ ಸರಿಯಿಲ್ಲದೆ ಕೆಟ್ಟದ್ದನ್ನು ಪ್ರತಿ ಬೇಸಿಗೆಯೂ ನೋಡಿದ್ದೇನೆ.

ಜನ, ಜಾಗ, ಹೊತ್ತು

ಒಬ್ಬ ರೆಫರಿ, ಐವರು ಜಡ್ಜ್, ಮೈಕಿಗೆ ಒಬ್ಬರು, ಮೇಜಿಗೆ ಮೂವರು, ಮಕ್ಕಳನ್ನು ಸಾಲಾಗಿ ನಿಲ್ಲಿಸಲು ಇಬ್ಬರು ಬೇಕು. ಅರ್ಧ ಜನ ನಿಮ್ಮ ತಂಡದವರು, ಅರ್ಧ ಎದುರು ತಂಡದವರು. ಗ್ರೂಪಿನಲ್ಲಿ ‘ಯಾರಾದರೂ ಬರ್ತೀರಾ’ ಎಂದು ಮೆಸೇಜ್ ಹಾಕಿದರೆ ಹೆಬ್ಬೆರಳು ಬರುತ್ತದೆ, ಮನುಷ್ಯರು ಬರುವುದಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ.

ಸಮಯದ ಲೆಕ್ಕ ಸುಲಭ. ಹೆಸರು ಕರೆಯುವುದರಿಂದ ಅಂಕ ಬರೆದುಕೊಳ್ಳುವವರೆಗೆ ಒಂದು ಡೈವ್‌ಗೆ ಮುಕ್ಕಾಲು ನಿಮಿಷ ಹಿಡಿಯಿರಿ. 36 ಮಕ್ಕಳು, ತಲೆಗೆ ಸರಾಸರಿ 4 ಡೈವ್ ಎಂದರೆ 144 ಡೈವ್, 108 ನಿಮಿಷ. ಸಂಜೆ ಆರಕ್ಕೆ ಶುರು ಮಾಡಿದರೆ ಬೆಳಕಿರುವಾಗಲೇ ಮುಗಿಯುತ್ತದೆ. ಆರೂವರೆಗೆ ಮಾಡಿದರೂ ನಡೆಯುತ್ತದೆ, ಆದರೆ ದೊಡ್ಡ ಹುಡುಗರ ಸರದಿ ಬರುವ ಹೊತ್ತಿಗೆ ಜಡ್ಜ್‌ಗಳು ಕಣ್ಣು ಕಿರಿದು ಮಾಡಿಕೊಂಡು ನೋಡಬೇಕಾಗುತ್ತದೆ.

ಜಡ್ಜ್‌ಗಳ ಕುರ್ಚಿ ಬೋರ್ಡಿನ ಪಕ್ಕಕ್ಕೆ ಇರಲಿ, ಎದುರಿಗೆ ಬೇಡ. ಮೂರು ಒಂದು ಬದಿಗೆ, ಎರಡು ಇನ್ನೊಂದು ಬದಿಗೆ. ಇಳಿಬಿಸಿಲು ಯಾವ ಕಡೆಯಿಂದ ಬರುತ್ತದೆ ಎಂದು ಹಿಂದಿನ ದಿನ ಅದೇ ಹೊತ್ತಿಗೆ ಹೋಗಿ ನೋಡಿಕೊಂಡು ಬನ್ನಿ. ನೀರಿನ ಆಳವನ್ನೂ ಕೇಳಿಕೊಳ್ಳಿ. ಒಂದು ಮೀಟರ್ ಬೋರ್ಡಿಗೆ ಅಂತರರಾಷ್ಟ್ರೀಯ ನಿಯಮ ಹೇಳುವ ಕನಿಷ್ಠ ಆಳ 3.4 ಮೀಟರ್. ನಿಂತ ನೀರು ಗಾಜಿನಂತಿದ್ದರೆ ಗಾಳಿಯಲ್ಲಿ ತಿರುಗುವ ಮಗುವಿಗೆ ಅದು ಎಲ್ಲಿದೆ ಎಂದೇ ತಿಳಿಯುವುದಿಲ್ಲ. ತೋಟಕ್ಕೆ ನೀರು ಹಾಯಿಸುವ ಪೈಪಿನಿಂದ ಮೇಲ್ಮೈಗೆ ಸಣ್ಣಗೆ ನೀರು ಚಿಮುಕಿಸುತ್ತಿದ್ದರೆ ಸಾಕು, ಅಲೆ ಎದ್ದು ಕಾಣುತ್ತದೆ.

ಶೀಟ್: ಇಲ್ಲಿ ಅವಸರ ಬೇಡ

ಪ್ರತಿ ಮಗುವೂ ತಾನು ಮಾಡುವ ಡೈವ್‌ಗಳ ಪಟ್ಟಿಯನ್ನು ಮೊದಲೇ ಬರೆದು ಕೊಡಬೇಕು. ಅದೇ ಡೈವ್ ಶೀಟ್. ಆದರೆ ನಿಜಕ್ಕೂ ಇದನ್ನು ಬರೆಯುವವನು ಹತ್ತೊಂಬತ್ತು ವರ್ಷದ ಕೋಚ್, ಅದೂ ಕಾರಿನ ಬಾನೆಟ್ ಮೇಲಿಟ್ಟುಕೊಂಡು, ಮೀಟಿಗೆ ಹತ್ತು ನಿಮಿಷ ಇರುವಾಗ. ಎಲ್ಲ ಅನಾಹುತವೂ ಅಲ್ಲಿಂದಲೇ ಹುಟ್ಟುವುದು. ಒಂದು ಗಂಟೆ ಮೊದಲೇ ಶೀಟ್ ಕೊಡಬೇಕೆಂದು ಎರಡೂ ತಂಡಕ್ಕೆ ಹೇಳಿ, ಹೇಳಿದ ಮೇಲೆ ಬಗ್ಗಬೇಡಿ.

ಶೀಟ್ ಓದಲು ಬರದವರು ಅದನ್ನು ಪರೀಕ್ಷಿಸಲಾರರು. ಅದರಲ್ಲಿ ಪ್ರತಿ ಡೈವ್‌ಗೂ ಒಂದು ಸಂಖ್ಯೆ, ಕೊನೆಗೊಂದು ಅಕ್ಷರ ಇರುತ್ತದೆ. ಸಂಖ್ಯೆಯ ಗುಟ್ಟು ಇಷ್ಟೇ. ಮೊದಲ ಅಂಕಿ ಗುಂಪು: 1 ಮುಂದಕ್ಕೆ, 2 ಹಿಂದಕ್ಕೆ, 3 ರಿವರ್ಸ್, 4 ಇನ್‌ವರ್ಡ್, 5 ಟ್ವಿಸ್ಟ್, ಅಂದರೆ ಮೈ ತಿರುಚಿ ಸುತ್ತುವುದು. ರಿವರ್ಸ್ ಎಂದರೆ ನೀರಿನ ಕಡೆ ಮುಖಮಾಡಿ ಹಾರಿ ಬೋರ್ಡಿನ ಕಡೆಗೆ ತಿರುಗುವುದು. ಇನ್‌ವರ್ಡ್ ಎಂದರೆ ಬೋರ್ಡಿನ ಕಡೆ ಮುಖಮಾಡಿ ನಿಂತು ಬೋರ್ಡಿನ ಕಡೆಗೇ ತಿರುಗುವುದು. ಮೂರನೆಯ ಅಂಕಿ ಎಷ್ಟು ಅರ್ಧ ಲಾಗ ಎಂದು ಹೇಳುತ್ತದೆ. 101 ಎಂದರೆ ಮುಂದಕ್ಕೆ ಅರ್ಧ ಲಾಗ, ಅಂದರೆ ತಲೆ ಕೆಳಗಾಗಿ ನೀರಿಗೆ. 102 ಪೂರ್ತಿ ಲಾಗ, ಕಾಲು ಮೊದಲು. 103 ಒಂದೂವರೆ. ಕೊನೆಯ ಅಕ್ಷರ ಮೈಯ ಆಕಾರ: ಎ ನೆಟ್ಟಗೆ, ಬಿ ಎಂದರೆ ಪೈಕ್, ಮಂಡಿ ಬಗ್ಗದೆ ಸೊಂಟ ಮಡಿಸುವುದು, ಸಿ ಎಂದರೆ ಟಕ್, ಮುದ್ದೆಯಾಗುವುದು. ಟ್ವಿಸ್ಟ್‌ಗಳಿಗೆ ನಾಲ್ಕು ಅಂಕಿ, ಕೊನೆಯದು ಎಷ್ಟು ಅರ್ಧ ಸುತ್ತು ಎಂಬುದಕ್ಕೆ.

ಈಗ ತಪ್ಪುಗಳು. ಮೊದಲನೆಯದು, ಒಂದೇ ಡೈವ್ ಎರಡು ಸಲ. 101ಬಿ ಮತ್ತು 101ಸಿ ಬೇರೆ ಬೇರೆ ಡೈವ್ ಎಂದು ಹೊಸ ಕೋಚ್‌ಗಳಷ್ಟೇ ಅಲ್ಲ, ಹಳಬರೂ ಆಗಾಗ ತಿಳಿದಿರುತ್ತಾರೆ. ನಿಯಮದ ಕಣ್ಣಿಗೆ ಅಕ್ಷರ ಬದಲಾದರೂ ಸಂಖ್ಯೆ ಒಂದೇ ಆದರೆ ಡೈವ್ ಒಂದೇ. ನಾನು ಮೇಜಿಗೆ ಹೊಸಬನಾಗಿದ್ದಾಗ ಇದನ್ನು ಕಂಡುಹಿಡಿದದ್ದು ಒಂಬತ್ತು ವರ್ಷದ ಹುಡುಗಿ ಎರಡನೆಯ 101 ಮುಗಿಸಿ ನೀರಿನಿಂದ ಎದ್ದು ಬಂದ ಮೇಲೆ. ಆ ದಿನದ ಅವಳ ಅತ್ಯುತ್ತಮ ಡೈವ್ ಅದೇ. ‘ಅಂಕಲ್, ನಂದು ಸೊನ್ನೆನಾ?’ ಎಂದು ಮೇಜಿನ ಅಂಚು ಹಿಡಿದು ಕೇಳಿದಳು. ಶೀಟ್ ನನ್ನ ಮುಂದೆ ಮುಕ್ಕಾಲು ಗಂಟೆ ಬಿದ್ದಿತ್ತು, ನಾನು ನೋಡಿರಲಿಲ್ಲ.

ಎರಡನೆಯದು, ಅಕ್ಷರಕ್ಕೆ ಹೊಂದದ ಕಷ್ಟಾಂಕ. ಕಷ್ಟಾಂಕ ಎಂದರೆ ಡೈವ್ ಎಷ್ಟು ಕಷ್ಟ ಎಂದು ಹೇಳುವ ಸಂಖ್ಯೆ, ಇಂಗ್ಲಿಷಿನಲ್ಲಿ ಡಿಗ್ರಿ ಆಫ್ ಡಿಫಿಕಲ್ಟಿ. ಎಲ್ಲರ ಬಾಯಲ್ಲೂ ಇದು ‘ಡಿಡಿ’. ಒಂದು ಮೀಟರ್ ಬೋರ್ಡಿನಲ್ಲಿ 101ಸಿಗೆ 1.2, 101ಬಿಗೆ 1.3, 201ಸಿಗೆ 1.5, 401ಸಿಗೆ 1.4, 103ಸಿಗೆ 1.6, 103ಬಿಗೆ 1.7. ಕೋಚ್ ಬರೆದ ಡಿಡಿಯನ್ನು ನಂಬಲೇಬೇಡಿ. ಲೀಗಿನ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದಕ್ಕೂ ಬೆರಳಿಟ್ಟು ನೋಡಿ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪಟ್ಟಿ ನೋಡಬೇಕು. ಒಬ್ಬರೇ ಎರಡನ್ನೂ ಮಾಡಿದರೆ ಕಣ್ಣು ತನಗೆ ಬೇಕಾದ್ದನ್ನೇ ಓದುತ್ತದೆ.

ಮೂರನೆಯದು, ವಯಸ್ಸಿಗೆ ತಕ್ಕ ನಿಯಮ. ಚಿಕ್ಕವರಿಗೆ ಕಡಿಮೆ ಡೈವ್, ದೊಡ್ಡವರಿಗೆ ಹೆಚ್ಚು, ಇಷ್ಟು ಗುಂಪಿನಿಂದ ಆರಿಸಲೇಬೇಕು ಎಂಬ ಕಟ್ಟಳೆ ಬೇರೆ. ಇದು ಲೀಗಿನಿಂದ ಲೀಗಿಗೆ ಬದಲಾಗುವುದರಿಂದ ಆ ವರ್ಷದ ಕೈಪಿಡಿಯ ಆ ಒಂದು ಪುಟವನ್ನು ಮುದ್ರಿಸಿ ಮೇಜಿಗೆ ಅಂಟಿಸಿ. ಫೋನಿನಲ್ಲಿದೆ ಎನ್ನಬೇಡಿ. ಬಿಸಿಲಲ್ಲಿ ಫೋನ್ ಪರದೆ ಕಾಣುವುದಿಲ್ಲ.

ನಾಲ್ಕನೆಯದಕ್ಕೆ ನಿಯಮವಿಲ್ಲ, ನನ್ನ ಹಟವಿದೆ. ಅವತ್ತಿನ ವಾರ್ಮ್‌ಅಪ್‌ನಲ್ಲಿ ಮೊದಲ ಸಲ ಸರಿಬಂದ ರಿವರ್ಸ್ ಅನ್ನು ಶೀಟಿಗೆ ಸೇರಿಸಲು ಬರುವ ಕೋಚ್‌ಗೆ ಬೇಡ ಎನ್ನಿ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಒಲಿಂಪಿಕ್ ಚಾಂಪಿಯನ್ ಡೈವರ್ ಗ್ರೆಗ್ ಲುಗಾನಿಸ್ ಅಂಥವನ ತಲೆಯೇ ರಿವರ್ಸ್ ಎರಡೂವರೆ ಲಾಗದಲ್ಲಿ ಬೋರ್ಡಿಗೆ ಬಡಿಯಿತು. ಹೊಲಿಗೆ ಹಾಕಿಸಿಕೊಂಡು ಬಂದು ಚಿನ್ನ ಗೆದ್ದ, ನಿಜ. ನಮ್ಮ ಮಕ್ಕಳು ರಿಬ್ಬನ್‌ಗಾಗಿ ಹಾರುತ್ತಿರುವವರು.

ತಿದ್ದಿದ ಶೀಟಿಗೆ ಮಗು ಮತ್ತು ಕೋಚ್ ಇಬ್ಬರ ಸಹಿ ಹಾಕಿಸಿ. ಬರೆಯಲು ಬಾಲ್ ಪೆನ್ನೋ ಸೀಸದಕಡ್ಡಿಯೋ ಇರಲಿ. ಜೆಲ್ ಪೆನ್ ಮೇಜಿನ ಹತ್ತಿರ ಸುಳಿಯಕೂಡದು. ಒದ್ದೆ ತಲೆಯ ಮಗು ಒಮ್ಮೆ ಬಗ್ಗಿ ನೋಡಿದರೆ ಸಾಕು, 5.5 ಎಂಬುದು ನೀಲಿ ಕಲೆಯಾಗಿರುತ್ತದೆ.

ಜಡ್ಜ್‌ಗಳಿಗೆ ಹತ್ತು ನಿಮಿಷದ ಪಾಠ

ಅಂಕ ಸೊನ್ನೆಯಿಂದ ಹತ್ತರವರೆಗೆ, ಅರ್ಧರ್ಧ ಏರಿಕೆ. ಹೊಸ ಜಡ್ಜ್‌ಗಳು ನೋಡುವುದು ಚಿಮ್ಮಿದ ನೀರನ್ನು ಮಾತ್ರ. ಓಟ, ಜಿಗಿತ, ಎತ್ತರ, ಗಾಳಿಯಲ್ಲಿ ಮೈಯ ಆಕಾರ, ಆಮೇಲೆ ನೀರು ಹೊಗುವುದು. ಇಷ್ಟೂ ಸೇರಿ ಒಂದು ಅಂಕ. ‘ಕಷ್ಟದ ಡೈವ್, ಪಾಪ’ ಎಂದು ಅರ್ಧ ಸೇರಿಸುವುದು ಇನ್ನೊಂದು ರೋಗ. ಕಷ್ಟದ ಲೆಕ್ಕವನ್ನು ಡಿಡಿ ನೋಡಿಕೊಳ್ಳುತ್ತದೆ, ನೀವು ಸೇರಿಸಿದರೆ ಎರಡು ಸಲ ಕೊಟ್ಟಂತೆ. ಎಂಟು ವರ್ಷದವರಿಗೆ ಮೂರೂವರೆ, ನಾಲ್ಕು ಸಹಜವಾದ ಅಂಕ. ಮುದ್ದಾಗಿದ್ದಾಳೆ ಎಂದು ಮೊದಲ ಮಗುವಿಗೆ ಏಳು ಕೊಟ್ಟರೆ, ಅವಳಿಗಿಂತ ಚೆನ್ನಾಗಿ ಹಾರಿದ ಆರನೆಯವಳಿಗೆ ಕೊಡಲು ಜಾಗವೇ ಉಳಿದಿರುವುದಿಲ್ಲ.

ರೆಫರಿ ಸನ್ನೆ ಮಾಡಿದಾಗ ಐದೂ ಕಾರ್ಡ್ ಒಟ್ಟಿಗೆ ಮೇಲೇಳಬೇಕು. ಪಕ್ಕದವರದ್ದನ್ನು ಇಣುಕಿ ತಮ್ಮದನ್ನು ಮಗುಚುವವರನ್ನು ಇನ್ನೊಂದು ಬದಿಯ ಕುರ್ಚಿಗೆ ಕಳಿಸಿ. ಲ್ಯಾಮಿನೇಟ್ ಮಾಡಿದ ಮಿರಿಮಿರಿ ಕಾರ್ಡ್ ಕೊಳ್ಳಬೇಡಿ. ಸಂಜೆ ಬಿಸಿಲಿಗೆ ಹೊಳೆದು ಮೇಜಿನವರಿಗೆ ಏನೂ ಕಾಣದು. ಮಂಕು ಕಾಗದದ ಮೇಲೆ ದಪ್ಪ ಕಪ್ಪು ಅಂಕಿ ಇದ್ದರೆ ಸರಿ.

ರೆಫರಿಗೆ ಮಾತ್ರ ನಿಯಮ ಬಾಯಿಪಾಠವಾಗಿರಬೇಕು. ಅಂತರರಾಷ್ಟ್ರೀಯ ನಿಯಮದಲ್ಲಿ ಹೇಳಿದ ಡೈವ್ ಬಿಟ್ಟು ಬೇರೆಯದನ್ನೇ ಮಾಡಿದರೆ ಸೊನ್ನೆ. ಆಕಾರ ಪೂರ್ತಿ ಬೇರೆಯಾದರೆ 2ಕ್ಕಿಂತ ಹೆಚ್ಚು ಸಿಗುವುದಿಲ್ಲ. ಕಾಲು ಮೊದಲು ನೀರಿಗಿಳಿಯುವ ಡೈವ್‌ನಲ್ಲಿ ಕೈ ತಲೆಯ ಮೇಲಿದ್ದರೆ 4.5 ದಾಟುವುದಿಲ್ಲ. ನಿಮ್ಮ ಲೀಗ್ ಇದರಲ್ಲಿ ಎಷ್ಟನ್ನು ಸಡಿಲಿಸಿದೆ ಎಂಬುದನ್ನು ಮೀಟಿಗೆ ಮೊದಲೇ ಎದುರು ತಂಡದವರ ಜೊತೆ ಕೂತು ಒಪ್ಪಿಕೊಳ್ಳಿ.

ಮೇಜು

ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಮಾಡಬೇಕು. ಒಬ್ಬರು ಕೈಯಲ್ಲಿ, ಒಬ್ಬರು ಲ್ಯಾಪ್‌ಟಾಪಿನಲ್ಲಿ. ಲ್ಯಾಪ್‌ಟಾಪ್ ಒಂದೇ ಸಾಕು ಎನ್ನುವವರು ಸ್ಪ್ರೆಡ್‌ಶೀಟಿನ ಒಂದು ಸಾಲು ಕೆಳಗೆ ಜಾರಿ, ಐದು ಮಕ್ಕಳ ಅಂಕ ಪಕ್ಕದವರಿಗೆ ಹೋದದ್ದನ್ನು ನೋಡಿಲ್ಲ.

ಐದು ಅಂಕಗಳಲ್ಲಿ ಅತಿ ಹೆಚ್ಚಿನದು ಒಂದು, ಅತಿ ಕಡಿಮೆಯದು ಒಂದು ಹೊಡೆದುಹಾಕಿ, ಉಳಿದ ಮೂರನ್ನು ಕೂಡಿ ಡಿಡಿಯಿಂದ ಗುಣಿಸಿ. ‘ಒಂದು’ ಎಂಬ ಮಾತನ್ನು ಗಟ್ಟಿಯಾಗಿ ಹಿಡಿಯಿರಿ. 201ಬಿ ಡೈವ್‌ಗೆ 4, 5, 5, 5.5, 5.5 ಬಂತು ಎನ್ನಿ. ಹೋಗುವುದು ಒಂದು 4, ಒಂದು 5.5 ಮಾತ್ರ. 5, 5, 5.5 ಸೇರಿ 15.5. ಡಿಡಿ 1.6, ಹಾಗಾಗಿ 24.80. ಸುಸ್ತಾದ ಅಮ್ಮ ಒಬ್ಬರು ಎರಡು 5.5ಕ್ಕೂ ಗೀಟು ಎಳೆದರೆ 16.00 ಆಗುತ್ತದೆ. ಒಂದೇ ಗೀಟಿಗೆ 8.80 ಅಂಕ ಹೋಯಿತು! ಇದಕ್ಕೆ ನಾನು ಕಂಡ ಮದ್ದು: ಗೀಟು ಎಳೆದ ಮೇಲೆ ಉಳಿದ ಸಂಖ್ಯೆ ಮೂರೇ ಇದೆಯೇ ಎಂದು ಪೆನ್ನಿನ ತುದಿಯಿಂದ ಎಣಿಸುವುದು. ಬೆಪ್ಪುತನ ಎನಿಸಬಹುದು, ಆದರೂ ಎಣಿಸಿ. ಜಡ್ಜ್‌ಗಳು ಮೂವರೇ ಸಿಕ್ಕಿದ್ದರೆ ಯಾವುದನ್ನೂ ಹೊಡೆದುಹಾಕದೆ ಮೂರನ್ನೂ ಕೂಡಿ.

ಒಬ್ಬರು ಅಂಕ ಬರೆದುಕೊಂಡು ತಲೆ ಎತ್ತುವವರೆಗೆ ಮುಂದಿನ ಹೆಸರು ಕರೆಯಕೂಡದು. ಮೈಕಿನವರಿಗೂ ಮೇಜಿಗೂ ಕಣ್ಣಸನ್ನೆ ಇರಲಿ. ಮೇಜಿನ ಹತ್ತಿರ ಅಪ್ಪ ಅಮ್ಮಂದಿರು ಬಂದು ‘ನಮ್ಮವನು ಎಷ್ಟನೆಯವನು ಸಾರ್’ ಎಂದು ಕೇಳತೊಡಗಿದರೆ ಲೆಕ್ಕ ತಪ್ಪಿತೆಂದೇ ತಿಳಿಯಿರಿ. ಎರಡು ಕುರ್ಚಿಗಳ ನಡುವೆ ಹಗ್ಗ ಕಟ್ಟಿ.

ಮೈಕು

ಹೆಸರು, ಸಂಖ್ಯೆ, ಆಕಾರ, ಡಿಡಿ. ಅಷ್ಟೇ ಹೇಳಿ ಸುಮ್ಮನಾಗಬೇಕು. ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ನಿರೂಪಣೆ ಮಾಡಿ ಅಭ್ಯಾಸವಿರುವವರನ್ನು ಕೂರಿಸಿದರೆ ದನಿ ಚೆನ್ನಾಗಿರುತ್ತದೆ, ಮಾತು ನಿಲ್ಲುವುದಿಲ್ಲ. ನಾನು ಮಿತಭಾಷಿಗಳನ್ನೇ ಹುಡುಕುತ್ತೇನೆ. ನಮ್ಮ ಹೃಷೀಕೇಶ, ಪ್ರಜ್ಞಾರ ಹೆಸರು ಅಮೆರಿಕನ್ ಬಾಯಲ್ಲಿ ಏನಾಗುತ್ತದೆ ಎಂದು ಗೊತ್ತಲ್ಲ, ಉಚ್ಚಾರವನ್ನು ಶೀಟಿನ ಮೂಲೆಯಲ್ಲಿ ಬರೆದುಕೊಡಿ. ಹೆಸರು ಕರೆದ ಮೇಲೆ ಮಗು ನೀರು ಮುಟ್ಟುವವರೆಗೆ ಯಾರೂ ಉಸಿರೆತ್ತಬಾರದು, ‘ಹಾಕು ಪುಟ್ಟಾ’ ಕೂಡ ಬೇಡ. ಡೈವ್ ತಪ್ಪು ಓದಿದ್ದು ಕೇಳಿಸಿದರೆ ಹಾರುವ ಮೊದಲೇ ಕೈ ಎತ್ತಬೇಕೆಂದು ಮಕ್ಕಳಿಗೆ ವಾರ್ಮ್‌ಅಪ್‌ನಲ್ಲೇ ಹೇಳಿಕೊಡಿ. ನಾಚಿಕೆಯ ಮಕ್ಕಳು ಹೇಳದೆ ಹಾರಿಬಿಡುತ್ತಾರೆ.

ಸಾಲಿನಲ್ಲಿ ನಿಂತವರ ಕೈಕಾಲು ನೋಡಿ. ಸನ್‌ಸ್ಕ್ರೀನೋ ಕೊಬ್ಬರಿ ಎಣ್ಣೆಯೋ ಬಳಿದುಕೊಂಡು ಬಂದ ಮಗು ಟಕ್ ಹಿಡಿದಾಗ ಕೈ ಮೊಣಕಾಲಿನಿಂದ ಜಾರುತ್ತದೆ. ಅದಕ್ಕೇ ಡೈವರ್‌ಗಳು ಚಿಕ್ಕ ಶ್ಯಾಮಿ ಬಟ್ಟೆ ಇಟ್ಟುಕೊಂಡು ಒರೆಸಿಕೊಳ್ಳುವುದು. ಹಿಂಡಿದರೆ ಮತ್ತೆ ನೀರು ಹೀರುತ್ತದೆ. ಕಾರ್ಟೂನ್ ಚಿತ್ರದ ದಪ್ಪ ಟವೆಲ್ ಎರಡನೆಯ ಸುತ್ತಿಗೇ ಒದ್ದೆ ಕಂಬಳಿ.

ಗುಡುಗಿದರೆ

ಎಲ್ಲರೂ ನೀರಿನಿಂದ ಹೊರಗೆ. ಕೊನೆಯ ಗುಡುಗು ಕೇಳಿ 30 ನಿಮಿಷ ಕಾಯಬೇಕು, ನಡುವೆ ಮತ್ತೊಂದು ಕೇಳಿದರೆ ಗಡಿಯಾರ ಮತ್ತೆ ಮೊದಲಿಂದ. ‘ದೂರ ಇದೆ ಬಿಡಿ’ ಎನ್ನುವವರು ಪ್ರತಿ ಮೀಟಿನಲ್ಲೂ ಒಬ್ಬರು ಇರುತ್ತಾರೆ, ಲೈಫ್‌ಗಾರ್ಡ್ ಮಾತೇ ಕೊನೆ. ಮಕ್ಕಳನ್ನು ನೋಡಿಕೊಳ್ಳಲು ಹತ್ತು ಜನ ಓಡಿ ಬರುತ್ತಾರೆ, ಶೀಟ್‌ಗಳನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯುವುದು ನಿಮ್ಮ ಕೆಲಸ.

ಮುಗಿದ ಮೇಲೆ

ಎರಡು ಲೆಕ್ಕವೂ ತಾಳೆಯಾಗುವವರೆಗೆ ಫಲಿತಾಂಶ ಓದಬೇಡಿ. ಮೊದಲ ಮೂರು ಸ್ಥಾನಕ್ಕೆ 5, 3, 1 ಎಂಬ ಲೆಕ್ಕವಿರುವ ಕಡೆ ಒಂದು ಸ್ಥಾನ ಅದಲುಬದಲಾದರೂ ಗೆದ್ದ ತಂಡವೇ ಬದಲಾಗಬಹುದು. ರೆಫರಿ ಸಹಿ ಹಾಕಿದ ಮೇಲೆ ಪ್ರತಿ ಶೀಟಿನ ಫೋಟೊ ತೆಗೆದುಕೊಳ್ಳಿ. ಮೂಲ ಪ್ರತಿಯನ್ನು ಯಾರಿಗೂ ಕೊಡಬೇಡಿ, ಎಷ್ಟೇ ಪರಿಚಯದವರಾದರೂ. ಬೋರ್ಡ್ ಹತ್ತಲು ಆಗದಂತೆ ಏಣಿಗೆ ಸರಪಳಿ ಹಾಕಿಸಿ, ಕುರ್ಚಿ ಮಡಿಸಿ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಬೋರ್ಡಿನ ಸುತ್ತ ಒಮ್ಮೆ ನೋಡಿ ಬನ್ನಿ. ಏಳೆಂಟು ಶ್ಯಾಮಿಗಳಾದರೂ ಬಿದ್ದಿರುತ್ತವೆ, ಒಂದರ ಮೇಲೂ ಹೆಸರಿರುವುದಿಲ್ಲ.